ಮಸೀದಿಯ ಅಡುಗೆಮನೆಯ ಹಿಂದಿನ ನ್ಯಾಯಾಲಯದಿಂದ

ರಾಜ್ಯ ಶಾಸನಸಭೆಯ ಸಂವಿಧಾನ ಸಂರಕ್ಷಣಾ ಸಮಿತಿಯ ಅಧ್ಯಕ್ಷರೇ,

ಮಾನ್ಯರೇ, ನೀವು ಹುಡುಕುತ್ತಿರುವ ಮೂವರಲ್ಲಿ ಒಬ್ಬ ನಾನೇ. ಕಳೆದ ತಿಂಗಳು ಟೀವಿಯಲ್ಲಿ, ಬೆನ್ನ ಹಿಂದೆ ಎರಡು ಬಾವುಟ ನಿಲ್ಲಿಸಿಕೊಂಡು, ನ್ಯಾಶ್‌ವಿಲ್ ನಗರದ ನಡುವೆಯೇ ಒಂದು ಗುಪ್ತ ಶರಿಯಾ ನ್ಯಾಯಾಲಯ ಅಮೆರಿಕದ ಸಂವಿಧಾನಕ್ಕೆ ಸವಾಲು ಹಾಕುತ್ತಿದೆ ಎಂದು ನೀವು ಘೋಷಿಸಿದಾಗ, ನಾನು ಸೋಫಾದಲ್ಲಿ ಕೂತು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದೆ. ಅಷ್ಟು ಧೈರ್ಯವಂತರು ನಮ್ಮೂರಲ್ಲಿ ಯಾರಪ್ಪಾ ಎಂದು ದನಿ ಜೋರು ಮಾಡಿದೆ. ಯುದ್ಧದಿಂದ ಓಡಿಬಂದ ನಮ್ಮ ಕುರ್ದಿ ಜನರ ಮಸೀದಿಯ ಹೆಸರು ಹೇಳಿದಿರಿ. ಮರುದಿನವೇ ನಮ್ಮ ಮುಲ್ಲಾ ಆ ಕೋಣೆಗೆ ಬೀಗ ಜಡಿದರು. ನನ್ನ ದೂರು ಆ ಬೀಗದ ಬಗ್ಗೆ. ಅದರ ಮುಂದೆ ಒಬ್ಬ ಹೆಂಗಸು ನಿಂತುಬಿಟ್ಟಿದ್ದಾಳೆ. ಆಕೆಯನ್ನು ಶರಿಯಾದಿಂದ ಕಾಪಾಡಲು ಹೊರಟ ನೀವು, ಆಕೆಯನ್ನು ಅದರೊಳಗೇ ಕೂಡಿಹಾಕಿದ್ದೀರಿ.

ಮೊದಲು ನ್ಯಾಯಾಲಯದ ವಿಷಯ ಹೇಳಿಬಿಡುತ್ತೇನೆ, ತಮ್ಮ ನಿದ್ದೆಗಾದರೂ ಒಳ್ಳೆಯದಾದೀತು. ಅದು ಮಸೀದಿಯ ಅಡುಗೆಮನೆಯ ಹಿಂದಿನ ಕೋಣೆ. ರಂಜಾನಿನಲ್ಲಿ ಅನ್ನ ಬೇಯಿಸುವ ಹಂಡೆಗಳನ್ನು ಬೋರಲು ಹಾಕಿಟ್ಟಿರುತ್ತಾರೆ, ಉಳಿದ ಜಾಗದಲ್ಲಿ ನಾವು ಮೂವರು ನ್ಯಾಯಾಧೀಶರು. ಒಬ್ಬರು ಮುಲ್ಲಾ ಅಬ್ದುಲ್‌ಖಾಲಿಕ್, ಓದಿದವರು, ಅಂಜುಬುರುಕರು. ಇನ್ನೊಬ್ಬ ಹಾಜಿ ಶಾಬಾನ್, ಬೇಕರಿಯವನು, ಎಡಗಿವಿ ಕೇಳುವುದಿಲ್ಲ, ವಾದ ಇಷ್ಟವಾಗದಿದ್ದರೆ ಆ ಕಿವಿಯನ್ನೇ ಮುಂದೆ ಮಾಡುತ್ತಾನೆ. ಮೂರನೆಯವನು ನಾನು. ಒಮ್ಮೆ ಒಂದೇ ಕ್ಷೌರದಂಗಡಿಯ ಪಾಲುದಾರರಾದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆಂದು ನಮ್ಮ ಮುಂದೆ ಬಂದರು. ಇಡೀ ಸಂಜೆ ವಿಚಾರಣೆ ಮಾಡಿ ತೀರ್ಪು ಕೊಟ್ಟೆವು. ಅವತ್ತೇ ಅವರು ಒಂದಾದರು, ನಮ್ಮನ್ನು ಬೈಯುವುದರಲ್ಲಿ. ತೀರ್ಪು ಜಾರಿ ಮಾಡಲು ನಮ್ಮಲ್ಲಿ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಮಾತು ಕೇಳದವರಿಗೆ ರೊಟ್ಟಿ ಮಾರುವುದಿಲ್ಲ ಎಂದು ಹಾಜಿ ಶಾಬಾನ್ ಹೆದರಿಸುತ್ತಾನೆ. ಅವನ ಹೆಂಡತಿ ಹಿಂಬಾಗಿಲಲ್ಲಿ ನಿಂತು ಅವರಿಗೇ ಬಿಸಿಬಿಸಿ ರೊಟ್ಟಿ ಕೊಟ್ಟು ಕಳಿಸುತ್ತಾಳೆ. ಇದು ನೀವು ಭಯಪಟ್ಟ ಸಮಾನಾಂತರ ಸರ್ಕಾರ.

ನಾನು ಇದರೊಳಗೆ ಹೇಗೆ ಬಂದೆ ಎಂದು ಕೇಳುತ್ತೀರಿ. ನನ್ನ ಹೆಂಡತಿ ಪೆರಿಖಾನ್ ತೀರಿಕೊಂಡ ಮೇಲೆ ನಾನು ಮನೆಯಲ್ಲಿರಲಾರದೆ ಇಡೀ ದಿನ ಮಸೀದಿಯಲ್ಲೇ ಕೂರುತ್ತಿದ್ದೆ. ಕಾರ್ಪೆಟ್ ಗುಡಿಸುವವರಿಗೆ ಅಡ್ಡವಾಗುತ್ತೇನೆಂದು ನನ್ನನ್ನು ಒಳಗಿನ ಕೋಣೆಗೆ ಕಳಿಸಿ ನ್ಯಾಯಾಧೀಶನನ್ನಾಗಿ ಮಾಡಿದರು. ಇನ್ನೊಂದು ಕಾರಣವೂ ಇದೆ. ಮೋಸುಲ್ ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಇಂಗ್ಲಿಷ್ ಓದಿದ್ದೆ. ಆಮೇಲೆ ಯುದ್ಧ ಬಂತು, ಓದು ನಿಂತಿತು, ಇಲ್ಲಿಗೆ ಬಂದು ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸಿ ನಿವೃತ್ತನಾದೆ. ಆದರೂ ಸರ್ಕಾರಿ ಕಾಗದ ಬಂದರೆ ಎಲ್ಲರೂ ನನ್ನ ಮನೆಗೇ ಬರುತ್ತಾರೆ. ನಿಮ್ಮ ಮಸೂದೆಯೂ ಹಾಗೆಯೇ ಬಂತು, ಪರಕೀಯ ಧಾರ್ಮಿಕ ಕಾನೂನು ನಿಷೇಧ ಮಸೂದೆ. ಧರ್ಮದ ಪ್ರಕಾರ ಯಾರದೇ ಮದುವೆ, ಬಿಡುಗಡೆಯ ಪ್ರಶ್ನೆ ತೀರ್ಮಾನಿಸುವ ಮಂಡಳಿ ಅಪರಾಧಿ ಎಂದು ಅದರಲ್ಲಿದೆ. ಬೇಕರಿಯಲ್ಲಿ ಚಹಾ ಕುಡಿಯುತ್ತಾ ನಾನೇ ಓದಿ ಅರ್ಥ ಹೇಳಿದೆ. ಎಲ್ಲ ಕಲಮಿನ ಮೊದಲೂ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದಿತ್ತು. ನನಗೆ ತಿಳಿದಂತೆ, ‘ನಿಂತುಕೊಳ್ಳದೆ’ ಎಂದು ಅನುವಾದ ಮಾಡಿದೆ.

“ಹಂಗಿದ್ರೆ ನಮಗೇನ್ ಭಯ?” ಎಂದ ಹಾಜಿ ಶಾಬಾನ್. “ನಾವು ಕೂತ್ಕೊಂಡೇ ತಾನೇ ತೀರ್ಪು ಕೊಡೋದು?”

ಅದಕ್ಕೆ ‘ಏನೇ ಇದ್ದರೂ’ ಎಂಬ ಅರ್ಥವಂತೆ, ನಕ್ಕುಬಿಡಿ, ನಾವೂ ನಕ್ಕೆವು. ಮೂಲೆಯ ಮೇಜಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಅವಳು ಶಿಲೇರ್, ನನ್ನ ಹೆಂಡತಿಯ ಅಣ್ಣನ ಮಗಳು, ಶಾಲಾ ಬಸ್ಸಿನ ಚಾಲಕಿ. ನಿಮ್ಮ ಮೊಮ್ಮಕ್ಕಳನ್ನೂ ಅವಳೇ ಶಾಲೆಗೆ ಬಿಡುತ್ತಿದ್ದರೆ ಆಶ್ಚರ್ಯವಿಲ್ಲ. ನ್ಯಾಯಾಧೀಶನೇ ಕಕ್ಷಿದಾರಳ ಸಂಬಂಧಿಯೇ ಎಂದು ಹುಬ್ಬೇರಿಸಬೇಡಿ. ನೆಂಟನಲ್ಲದ ನ್ಯಾಯಾಧೀಶನೇ ಬೇಕೆಂದರೆ ನಮ್ಮ ಜನ ಬೇರೆ ರಾಜ್ಯದಿಂದ ತರಿಸಬೇಕಾಗುತ್ತದೆ.

ಶಿಲೇರಳ ಗಂಡ ಸರ್ಬಸ್ತ್ ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಬಿಟ್ಟು ದೂರದ ನೆಬ್ರಾಸ್ಕಾ ರಾಜ್ಯಕ್ಕೆ ಹೋದ. ಸರ್ಕಾರದ ಕೌಂಟಿ ನ್ಯಾಯಾಲಯ ಅವಳಿಗೆ ವಿಚ್ಛೇದನ ಕೊಟ್ಟಿತು, ಮಕ್ಕಳನ್ನೂ ಕೊಟ್ಟಿತು. ಅಮೆರಿಕದ ಕಣ್ಣಿಗೆ ಅವಳು ಸ್ವತಂತ್ರಳು, ಅದನ್ನು ನಾವು ಮೂವರೂ ತಲೆಬಾಗಿ ಒಪ್ಪುತ್ತೇವೆ. ಆದರೆ ಮದುವೆಯ ದಿನ ಅವಳು ದೇವರ ಹೆಸರಿನಲ್ಲೂ ಒಂದು ಮಾತು ಕೊಟ್ಟಿದ್ದಳು. ಅದನ್ನು ಬಿಡಿಸಿಕೊಳ್ಳುವವರೆಗೆ ಮತ್ತೊಂದು ಮದುವೆಗೆ ಅವಳ ಮನಸ್ಸು ಒಪ್ಪದು. ಗಂಡ ಬಿಡುಗಡೆಯ ಮಾತು ಹೇಳಬೇಕು, ಇಲ್ಲವೇ ಗಂಡ ತೊರೆದುಹೋಗಿದ್ದಾನೆಂದು ಹಿರಿಯರು ಕೂತು ವಿಚಾರಿಸಿ ಮದುವೆ ಮುರಿದಿದೆ ಎನ್ನಬೇಕು. ಅವನು ಹೇಳಲೊಲ್ಲ. ಟೈಲ್ಸ್ ಕೆಲಸ ಮಾಡುವ ಒಬ್ಬ ಒಳ್ಳೆಯ ವಿಧುರ ಅವಳನ್ನು ಕೇಳಿದ್ದಾನೆ, ಅವಳಿಗೂ ಇಷ್ಟ. ಆ ವಿಧುರ ನಾನಲ್ಲ, ಅವಳ ಕಣ್ಣು ಚೆನ್ನಾಗಿಯೇ ಇದೆ. ನಾವು ಅವಳ ವಿಚಾರಣೆಗೆ ದಿನ ಗೊತ್ತುಮಾಡಿದ್ದೆವು. ಅಷ್ಟರಲ್ಲಿ ನಿಮ್ಮ ಭಾಷಣ ಬಂತು, ಬೀಗ ಬಿತ್ತು.

ಈಗ ನಿಮ್ಮ ಅತಿದೊಡ್ಡ ಅಭಿಮಾನಿಯ ಪರಿಚಯ ಮಾಡಿಸುತ್ತೇನೆ. ಆ ವಾರವೇ ಸರ್ಬಸ್ತ್ ಫೋನು ಮಾಡಿದ. ಶಿಲೇರ್ ನಮಗೆಲ್ಲ ಕೇಳಲೆಂದು ಫೋನನ್ನು ಬೇಕರಿಯ ಮೇಜಿನ ಮೇಲಿಟ್ಟಳು.

“ಏನೇ, ನಿನ್ ಮುದುಕರು ಬೀಗ ಹಾಕ್ಕೊಂಡ್ರಂತೆ? ಟೀವೀಲಿ ನೋಡ್ದೆ. ಒಳ್ಳೇ ಮನುಷ್ಯ ಕಣೇ ಆ ಅಧ್ಯಕ್ಷ.”

“ಕೋರ್ಟಲ್ಲಿ ಬಿಡುಗಡೆ ಆಗಿದೆ ಸರ್ಬಸ್ತ್. ಬಾಯ್ಬಿಟ್ಟು ಒಂದು ಮಾತು ಹೇಳು ಸಾಕು. ನಿಂಗೇನ್ ನಷ್ಟ?”

“ಕೋರ್ಟು ಕಾಗದ ಕೊಡುತ್ತೆ. ನಿಕಾಹ್ ನನ್ ಕೈಲಿದೆ. ಈಗ ಅದನ್ನ ಬಿಡಿಸೋರು ಯಾರೂ ಇಲ್ಲ, ಕಾನೂನೇ ನನ್ ಕಡೆ. ಆ ಟೈಲ್ಸೋನಿಗೆ ಹೇಳು, ಬೇರೆ ಮನೆ ನೆಲ ನೋಡ್ಕೋ ಅಂತ.”

ಹಾಜಿ ಶಾಬಾನ್ ಅಂದು ಕೇಳುವ ಕಿವಿಯನ್ನೇ ಫೋನಿಗೆ ಹಿಡಿದಿದ್ದ. ಆಮೇಲೆ ಅವನು ಆಡಿದ ಕುರ್ದಿ ಮಾತುಗಳನ್ನು ಇಲ್ಲಿ ಬರೆದರೆ ಅದಕ್ಕೂ ನೀವೊಂದು ಮಸೂದೆ ತರಬೇಕಾದೀತು. ಮಾನ್ಯರೇ, ಈ ಮನುಷ್ಯ ಒಂದು ಕೈಯಲ್ಲಿ ಶರಿಯಾವನ್ನೂ ಇನ್ನೊಂದು ಕೈಯಲ್ಲಿ ನಿಮ್ಮ ಶರಿಯಾ ನಿಷೇಧವನ್ನೂ ಹಿಡಿದು ಒಬ್ಬ ಹೆಂಗಸನ್ನು ನಡುವೆ ಒತ್ತುತ್ತಿದ್ದಾನೆ. ಇಂಥವನಿಗೆ ಆಯುಧ ಒದಗಿಸುವುದು ಸಂವಿಧಾನದ ರಕ್ಷಣೆಯ ಯಾವ ವಿಧಿಯಲ್ಲಿ ಬರುತ್ತದೆ? ಮಸೂದೆ ಬರೆಯುವಾಗ ಒಬ್ಬಳಾದರೂ ಮುಸ್ಲಿಂ ಹೆಂಗಸನ್ನು ಕೇಳಿದಿರಾ, ಅಥವಾ ಅವಳ ಪರವಾಗಿ ಭಯಪಟ್ಟರೆ ಸಾಕು ಎಂದುಕೊಂಡಿರಾ?

ಇದನ್ನೆಲ್ಲ ಮಸೂದೆಯ ಬಗ್ಗೆ ನಿಮ್ಮ ಸಮಿತಿ ನಡೆಸಿದ ಸಾರ್ವಜನಿಕ ವಿಚಾರಣೆಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲೆಂದೇ ಬಂದಿದ್ದೆ. ಬೂದು ಬಣ್ಣದ, ನನಗೆ ಈಗ ದೊಡ್ಡದಾಗಿರುವ ಸೂಟು ತೊಟ್ಟವನು, ನೆನಪಾಯಿತೇ? ಪ್ರತಿಯೊಬ್ಬರಿಗೂ ಎರಡು ನಿಮಿಷ ಎಂದಿರಿ. ನಾನು ಎದ್ದೆ. ಮೋಸುಲಿನ ಪ್ರೊಫೆಸರು ಕಲಿಸಿದ ಇಂಗ್ಲಿಷ್ ಎಲ್ಲಿಂದಲೋ ಎದ್ದು ಬಂದು ಬಾಯಲ್ಲಿ ಕೂತಿತು. ‘ಪರಮಪೂಜ್ಯ ಅಧ್ಯಕ್ಷರೇ, ತಮ್ಮ ದಯಾಪೂರ್ಣ ಅವಗಾಹನೆಗಾಗಿ ಈ ಕೆಳಕಂಡ ನಾಲ್ಕು ಮಾತುಗಳನ್ನು ವಿನಮ್ರನಾಗಿ ನಿವೇದಿಸಿಕೊಳ್ಳಲು ಅನುಮತಿ ಕೋರುತ್ತಾ’ ಎಂದು ಶುರುಮಾಡಿದೆ. ಆ ವಾಕ್ಯದಿಂದ ಹೊರಗೆ ಬರುವ ದಾರಿ ನನಗೆ ಸಿಗಲಿಲ್ಲ. ನೀವೇ ಕರುಣೆಯಿಂದ ತಡೆದು, ‘ನಿಮಗೆ ಸಂವಿಧಾನ ದೊಡ್ಡದೋ ನಿಮ್ಮ ಧರ್ಮದ ಕಾನೂನು ದೊಡ್ಡದೋ, ಒಂದೇ ಮಾತಿನಲ್ಲಿ ಹೇಳಿ’ ಎಂದಿರಿ. ನಾನು ಯೋಚಿಸುತ್ತಾ ನಿಂತೆ. ಗಂಟೆ ಹೊಡೆಯಿತು. ಸಂಜೆಯ ಸುದ್ದಿಯಲ್ಲಿ ನನ್ನ ಆ ಮೌನವನ್ನೇ ತೋರಿಸಿದರು, ಕೆಳಗೆ ಕೆಂಪಕ್ಷರದಲ್ಲಿ ‘ಉತ್ತರಿಸಲು ನಿರಾಕರಣೆ’ ಎಂದು. ಉತ್ತರ ನಿರಾಕರಿಸುವಷ್ಟು ಜಾಣನೆಂದು ನನ್ನನ್ನು ಹಿಂದೆಂದೂ ಯಾರೂ ಭಾವಿಸಿರಲಿಲ್ಲ.

ವಾಹನ ನಿಲ್ಲಿಸುವ ಜಾಗದಲ್ಲಿ ಶಿಲೇರ್ ನನ್ನನ್ನು ಬಿಡಲಿಲ್ಲ.

“ಮಾಮಾ, ಎರಡು ನಿಮಿಷ ಪೂರ್ತಿ ಸಲಾಮು ಹೊಡೆದ್ರಲ್ಲ! ನನ್ ಹೆಸರು ಯಾವಾಗ ಬರುತ್ತೆ ಅಂತ ಕಾಯ್ತಾ ಕೂತಿದ್ದೆ ನಾನು.”

“ಪೀಠಿಕೆ ಇಲ್ದೆ ಹೆಂಗಮ್ಮಾ ಶುರು ಮಾಡೋದು?”

“ಅತ್ತೆ ಇದ್ದಿದ್ರೆ ಪೀಠಿಕೇನೂ ಬೇಡ, ಇಂಗ್ಲಿಷೂ ಬೇಡ, ಆ ಮೇಜು ಕುಟ್ಟಿ ಹೇಳೋರು.” ಕಾರಿನ ಬಾಗಿಲು ತೆಗೆದು ಮತ್ತೆ ಹೇಳಿದಳು: “ಮೂರು ಜನ ಮುದುಕರ ಮುಂದೆ ಕೂತು ನನ್ ಸಂಸಾರ ಬಿಚ್ಚಿ ತೋರ್ಸೋದು ನಂಗೇನ್ ಖುಷೀನಾ ಮಾಮಾ? ನಿಮ್ಮಲ್ಲಿ ಒಬ್ಬರಿಗೆ ಕಿವಿ ಕೇಳಲ್ಲ, ಒಬ್ಬರಿಗೆ ಧೈರ್ಯ ಇಲ್ಲ, ನೀವು ಹಿಂಗೆ. ಆದ್ರೂ ದೇವರ ಹತ್ರ ಕೊಟ್ಟ ಮಾತು ನಂದು. ಅದನ್ನ ಹೆಂಗೆ ವಾಪಸ್ ತಗೋಬೇಕು ಅನ್ನೋದೂ ನಂದು. ಆ ಸಾಹೇಬ್ರು ಅದಕ್ಕೆ ಯಾಕೆ ಕೈ ಹಾಕ್ತಾರೆ?”

ನಾನು ಸೂಟಿನ ಗುಂಡಿ ಬಿಚ್ಚಿ ಕಾರಿನಲ್ಲಿ ಕೂತೆ.

ಅವಳ ಮಾತನ್ನು ಆಮೇಲೆ ಯೋಚಿಸಿದೆ. ಮೂವರು ಗಂಡಸರು ಒಂದು ಹೆಣ್ಣಿನ ಬದುಕನ್ನು ತೂಗುವುದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ನೀವು ಹೇಳಿದರೆ ನಾನು ಒಪ್ಪುತ್ತೇನೆ. ಯಾವುದೋ ಮಂಡಳಿ ಯಾರನ್ನೋ ಬಲವಂತವಾಗಿ ಗಂಡನ ಮನೆಗೆ ಅಟ್ಟಿದರೆ, ಮಕ್ಕಳನ್ನು ಕಿತ್ತುಕೊಂಡರೆ, ಕೌಂಟಿ ನ್ಯಾಯಾಲಯದ ಮಾತಿಗೆ ಅಡ್ಡ ಬಂದರೆ, ಹಿಡಿದು ಒಳಗೆ ಹಾಕಿ. ಅದಕ್ಕೆ ಈಗಿರುವ ಕಾನೂನೇ ಸಾಕು, ಹೊಸದು ಬೇಕಿಲ್ಲ. ಆದರೆ ನಿಮ್ಮ ಮಸೂದೆಗೆ ಬಲವಂತಕ್ಕೂ ಬಯಕೆಗೂ ವ್ಯತ್ಯಾಸ ಗೊತ್ತಿಲ್ಲ. ಪರಕೀಯ ಧರ್ಮ ಎಂದಿದ್ದೀರಿ. ಯೇಸು ಸ್ವಾಮಿ ಹುಟ್ಟಿದ್ದು ನಮ್ಮ ರಾಜ್ಯದ ಯಾವ ಕೌಂಟಿಯಲ್ಲಿ ಎಂದು ನಾನು ಕೇಳುವುದಿಲ್ಲ, ಆ ಪ್ರಶ್ನೆ ಪೌರತ್ವದ ಪರೀಕ್ಷೆಯಲ್ಲಿ ಇರಲಿಲ್ಲ. ನಿಮ್ಮ ವಿಚಾರಣೆಯ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಮುದಿ ಯಹೂದಿ ಪುರೋಹಿತರು ನನ್ನ ಕಿವಿಯಲ್ಲಿ, “ಬಿಡುಗಡೆ ಪತ್ರ ಕೊಡದೆ ಸತಾಯ್ಸೋ ಗಂಡಂದಿರು ನಮ್ಮಲ್ಲೂ ಇದ್ದಾರೆ ಕಣಯ್ಯಾ, ನಾವೂ ಮೂರು ಜನ ಕೂತ್ಕೋತೀವಿ” ಎಂದರು. ಅವರ ಕೋಣೆಗೂ ಬೀಗ ಬೀಳುತ್ತದೋ? ಇಲ್ಲವೆಂದರೆ ನಮಗೇಕೆ? ಬೀಳುತ್ತದೆಂದರೆ ಅವರಿಗೇಕೆ?

ಪೌರತ್ವದ ಪರೀಕ್ಷೆ ಎಂದೆನಲ್ಲ, ಅದನ್ನು ನಾನೂ ಪೆರಿಖಾನಳೂ ಒಟ್ಟಿಗೆ ಓದಿದ್ದು. ಅವಳು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಬಾಯಿಪಾಠ ಮಾಡುತ್ತಿದ್ದಳು, ಕಾಲೇಜು ಮೆಟ್ಟಿಲು ಹತ್ತಿದ ನಾನು ತಪ್ಪುತ್ತಿದ್ದೆ. ಧರ್ಮದ ಸ್ವಾತಂತ್ರ್ಯ ಎಂದರೇನು ಎಂಬ ಪ್ರಶ್ನೆ. ಯಾವ ಧರ್ಮವನ್ನಾದರೂ ಆಚರಿಸಬಹುದು, ಅಥವಾ ಯಾವುದನ್ನೂ ಆಚರಿಸದೆ ಇರಬಹುದು ಎಂಬ ಉತ್ತರ. “ಎರಡೂ ಬರ್ದವ್ರೆ ನೋಡಿ, ನಮ್ಮನ್ನ ನಂಬಿ ನಮಗೇ ಬಿಟ್ಟವ್ರೆ” ಎಂದಳು. ನಾವು ಬಿಟ್ಟುಬಂದ ದೇಶದಲ್ಲಿ ಸರ್ಕಾರಕ್ಕೆ ಪತ್ರ ಬರೆದವನಿಗೂ ಉತ್ತರ ಬರುತ್ತಿತ್ತು, ಜೀಪಿನಲ್ಲಿ. ಇಲ್ಲಿ ನಿಮ್ಮನ್ನು ಹೀಗೆ ಗೇಲಿ ಮಾಡಿ ಬರೆದು ಸಹಿ ಹಾಕಿ, ಚಹಾ ಕುಡಿದು ಮಲಗುತ್ತೇನೆ. ಸಂವಿಧಾನ ದೊಡ್ಡದೋ ಧರ್ಮ ದೊಡ್ಡದೋ ಎಂದಿರಲ್ಲ, ಉತ್ತರ ಈಗ ಹೊಳೆದಿದೆ. ನನ್ನ ದೇವರ ಮುಂದೆ ನಾನು ಹೇಗೆ ನಿಲ್ಲಬೇಕೆಂದು ಯಾವ ಅಧಿಕಾರಿಯೂ ಹೇಳದಂತೆ ನೋಡಿಕೊಳ್ಳುವ ಕಾನೂನು ಇದೊಂದೇ. ಅದಕ್ಕಾಗಿ ಅದು ನನಗೆ ದೊಡ್ಡದು. ನೀವು ಅದನ್ನು ಚಿಕ್ಕದು ಮಾಡುತ್ತಿದ್ದೀರೆಂದೇ ಈ ಪತ್ರ.

ಮಸೂದೆ ಮುಂದಿನ ವಾರ ಮತದಾನಕ್ಕೆ ಬರುತ್ತದೆ. ಅದಕ್ಕೊಂದು ಸಾಲು ಸೇರಿಸಿ: ಯಾರ ಒತ್ತಾಯವೂ ಇಲ್ಲದೆ, ತಮ್ಮ ಮನಸ್ಸಾಕ್ಷಿಗಾಗಿ ಒಬ್ಬರು ಕೇಳಿಕೊಂಡ ಧಾರ್ಮಿಕ ಬಿಡುಗಡೆಗೆ ಇದು ಅನ್ವಯಿಸದು. ಇಷ್ಟೇ ನನ್ನ ಬೇಡಿಕೆ.

ಸೇರಿಸುವವರೆಗೆ ನಾವು ಕಾಯುವುದಿಲ್ಲ. ನಿನ್ನೆ ಬೇಕರಿಯಲ್ಲಿ ಶಿಲೇರ್ ಮುಲ್ಲಾರ ಎದುರು ಕುರ್ಚಿ ಎಳೆದುಕೊಂಡು ಕೂತಳು. “ಮಸೀದಿ ವಕೀಲರು ಕಾಯಿರಿ ಅಂದಿದ್ದಾರಮ್ಮಾ, ನಂಗೂ ಸಂಸಾರ ಇದೆ” ಎಂದರು ಮುಲ್ಲಾ. “ನಂಗೂ ಬೇಕು ಅಂತಾನೇ ಕೇಳ್ತಿರೋದು” ಎಂದಳು ಅವಳು. ಮುಲ್ಲಾ ಬಹಳ ಹೊತ್ತು ಚಹಾದ ಲೋಟ ತಿರುಗಿಸಿದರು. “ಶುಕ್ರವಾರ ನಮಾಜ್ ಆದ್ಮೇಲೆ. ಬಾಗಿಲು ತೆಗ್ದೇ ಇಡ್ತೀನಿ” ಎಂದರು.

ಆದ್ದರಿಂದ ಶುಕ್ರವಾರ ಬನ್ನಿ. ಕ್ಯಾಮೆರಾ ತನ್ನಿ, ಬೇಕಿದ್ದರೆ ಪೊಲೀಸರನ್ನೂ ಕರೆತನ್ನಿ. ನನ್ನನ್ನು ಹಿಡಿದುಕೊಂಡು ಹೋಗುವುದಾದರೆ ಖಂಡಿತ ಬರುತ್ತೇನೆ, ಮೊಣಕಾಲು ನೋವಿರುವುದರಿಂದ ಓಡಿಹೋಗುವ ಯೋಚನೆಯೂ ಇಲ್ಲ. ಆದರೆ ದಯಮಾಡಿ ಹೊಸ್ತಿಲಲ್ಲಿ ಸ್ವಲ್ಪ ನಿಲ್ಲಿ. ಮುಲ್ಲಾ ಬಿಡುಗಡೆಯ ಒಂದು ವಾಕ್ಯ ಹೇಳಬೇಕಿದೆ, ಅದು ಶಿಲೇರಳ ಕಿವಿಗೆ ಬೀಳಲಿ. ಆಮೇಲೆ ಒಳಗೆ ಬನ್ನಿ.

ಇಂತಿ,
ನಿಮ್ಮ ಭಯಕ್ಕೆ ತಕ್ಕಷ್ಟು ಭಯಂಕರನಾಗಲು ಈ ವಯಸ್ಸಿನಲ್ಲಿ ಇನ್ನು ಆಗದ,
ತಹ್ಸೀನ್ ಆಮೇದಿ