ಕೆಡದ ಎಣ್ಣೆ

ಪೆಟ್ಟಿಗೆದಿಬ್ಬ, ತುಂಗಭದ್ರೆಯ ಎಡದಂಡೆ
ಕ್ರಿ.ಶ. ೨೧೬೩, ಫಾಲ್ಗುಣ ಬಹುಳ ದಶಮಿ

ಹಿಂದಿನವರೇ,

ನೀವು ನಮ್ಮ ಕೂಸುಗಳ ನೆತ್ತಿಗೆ ವಿಷ ಒತ್ತಿದಿರಿ. ಇಸವಿ ಓದಿ ನಗಬೇಡಿ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳಿವೆ. ನೀವು ಬಿಟ್ಟುಹೋದ ವಸ್ತುಗಳಿಗೆ ನಾವೇ ಹೆಸರಿಡಬೇಕಾಯಿತು, ಕ್ಷಮಿಸಿ.

ಪೆಟ್ಟಿಗೆದಿಬ್ಬವೆಂದರೆ ನೀವು ಗುಜರಿಗೆ ಹಾಕಿದ ಯಂತ್ರಗಳ ಗುಡ್ಡ. ನಮ್ಮ ಊರು ಅದರ ಮೇಲಿದೆ. ಫ್ರಿಜ್ಜು ನಮಗೆ ಕಣಜ, ವಾಷಿಂಗ್ ಮಷೀನಿನ ಡ್ರಮ್ಮು ಒಲೆ. ಗಂಡಸರು ಅಗೆಯಲು ಇಳಿಯುತ್ತಾರೆ, ಹೆಂಗಸರು ಯಂತ್ರ ಬಿಚ್ಚಲು ಕೂರುತ್ತಾರೆ. ತೀರಾ ಹಳೆಯ ಟ್ಯೂಬ್‌ಲೈಟ್ ಪಟ್ಟಿಯಲ್ಲಿ, ಏಸಿಯ ಹೊಟ್ಟೆಯಲ್ಲಿ ಬೆರಳುದ್ದದ ತಗಡಿನ ಡಬ್ಬಿ ಸಿಗುತ್ತದೆ. ಅದನ್ನು ನಾವು ಗಿಂಡಿ ಎನ್ನುತ್ತೇವೆ, ನೀವು ಕೆಪಾಸಿಟರ್ ಎನ್ನುತ್ತಿದ್ದಿರಂತೆ. ಒಡೆದರೆ ಚೂರು ಎಣ್ಣೆ. ಅದು ಕಮಟುವುದಿಲ್ಲ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಇರುವೆ ಮುತ್ತುವುದಿಲ್ಲ. ದೇವರು ಕೊಟ್ಟದ್ದೆಂದು ತಿಳಿದು ಹಿರಿಯರು ಅದನ್ನು ಕೆಡದ ಎಣ್ಣೆ ಎಂದರು. ಎಳ್ಳು, ಕುಸುಬೆ ಬೆಳೆಯದ ಈ ನೆಲದಲ್ಲಿ ಯುಗಾದಿಯ ಎಣ್ಣೆಸ್ನಾನಕ್ಕೆ ಅದೇ. ಆ ವರ್ಷ ಹುಟ್ಟಿದ ಕೂಸಿಗೆ ಮೊದಲು.

ನನ್ನ ಹೆಸರು ಫಕೀರವ್ವ. ಶಾಲೆ ಕಂಡವಳಲ್ಲ. ಹೊಳೆಯಾಚೆಯ ಬಿಚ್ಚುವವರ ಸಂಘ ದೋಣಿಯಲ್ಲಿ ಕಳಿಸುವ ಕರಪತ್ರಗಳಿಂದ ಓದು ಕಲಿತೆ. ಗಿಂಡಿಯ ಎಣ್ಣೆ ಚರ್ಮದಿಂದ ಒಳಗಿಳಿದು ಕೊಬ್ಬಿನಲ್ಲಿ ಕೂರುತ್ತದೆ, ಎದೆಹಾಲಿಗೂ ಸೇರುತ್ತದೆ ಎಂದು ಒಂದರಲ್ಲಿತ್ತು. ನಮ್ಮ ಕೆನ್ನೆಯ ಕಪ್ಪು ಗುಳ್ಳೆಗಳನ್ನು ನಾವು ಊರಿನ ಗುರುತೆಂದುಕೊಂಡಿದ್ದೆವು. ಅಕ್ಕ ಗುರವ್ವನ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ಈಗಷ್ಟೇ ಮಗುಚಿಕೊಳ್ಳುತ್ತಿದೆ. ಕರಪತ್ರವನ್ನು ಗಟ್ಟಿಯಾಗಿ ಓದಿದೆ. ಮೊಣಕಾಲಿಗೂ ಇದೇ ಎಣ್ಣೆ ತಿಕ್ಕಿಕೊಳ್ಳುವ ಅಜ್ಜಿ ಹಂಪವ್ವ ಗಿಂಡಿ ಒಡೆಯುತ್ತಲೇ ಇದ್ದಳು. “ನಿನ್ನ ಕಾಗದಕ್ಕ ಮೊಣಕಾಲ್ ಬ್ಯಾನಿ ಐತೇನ? ಇದನ್ನ ತಿಕ್ಕೇ ನಿಮ್ಮವ್ವನ್ನ ಬೆಳಸೇನಿ, ನಿನ್ನೂ ಬೆಳಸೇನಿ. ನಿನ್ನ ನಾಲಿಗೀಗೇನರ ರೋಗ ಬಂದೈತೇನು?” ಬಿಚ್ಚಲು ಕೂತವರೆಲ್ಲ ನಕ್ಕರು. ಅಕ್ಕ ನಗಲಿಲ್ಲ, ಬೇಡ ಎನ್ನಲೂ ಇಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಿಚ್ಚಿ ಬಿಚ್ಚಿ ಜಡ್ಡುಗಟ್ಟಿದ ಬೆರಳಿನ ಹಾಗೆ ಒಳಗೂ ಏನೂ ತಾಗುವುದಿಲ್ಲ.

ನೀವು ಕೆಟ್ಟವರಲ್ಲವಂತೆ, ಕರಪತ್ರ ಹೇಳುತ್ತದೆ. ಡಬ್ಬಿಯ ಮೇಲೆ ಯಾವುದೋ ಭಾಷೆಯ ಸಣ್ಣಕ್ಷರವಿತ್ತು, ನೀವೂ ಓದಲಿಲ್ಲ. ಅಟ್ಟ ಖಾಲಿಯಾದರೆ ಸಾಕೆಂದು ಅಜ್ಜನ ಕಾಲದ ಯಂತ್ರವನ್ನು ಗುಜರಿ ಗಾಡಿಗೆ ಹಾಕಿದಿರಿ. ಅಷ್ಟೇ. ಅದನ್ನು ಹಾಕಬೇಡಿ. ಒಡೆಯಲೂ ಬೇಡಿ. ವಿಷದ ಕಸವನ್ನು ಬೇರೆ ಮಾಡಿ ನಾಶಮಾಡಬಲ್ಲವರ ಕೈಗೇ ಕೊಡಿ. ಅವರು ಒಲ್ಲೆವೆಂದರೆ ಅವರ ಬಾಗಿಲಲ್ಲಿ ಕೂರಿ.

ಯುಗಾದಿಯ ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ, ಅಕ್ಕನ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾಳೆ. ನಾನು ಎಣ್ಣೆ ಬಟ್ಟಲಿಗೂ ಕೂಸಿಗೂ ನಡುವೆ ನಿಲ್ಲುತ್ತೇನೆ. ಊರೆಲ್ಲ ಅಜ್ಜಿಯ ಕಡೆ. ನಿಮ್ಮ ಕಾಲದಲ್ಲಿ ಈ ಜಾಗ ಬರೀ ಜಾಲಿ ಬಯಲು. ಗುತ್ತಲ ಊರನ್ನು ದಾಟಿ ಹೊಳೆಯ ಕಡೆ ನಡೆದರೆ ಸಿಗುತ್ತದೆ. ನಾವು ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೂ ಬಂದು ನನ್ನ ಪಕ್ಕ ನಿಲ್ಲಿ. ಯುಗಾದಿಯ ದಿನ, ಬೆಳಿಗ್ಗೆ ಆರು ಗಂಟೆಗೆ.