ಎದುರು ಕುರ್ಚಿಯ ಅಣ್ಣ

ಡಿಸೆಂಬರ್ ೧೯, ಶುಕ್ರವಾರ

ಪ್ರೀತಿಯ ಅಣ್ಣನಿಗೆ,

ಸಂಜೆ ಆರೂವರೆ. ಈಗಷ್ಟೇ ಕೆಲಸದಿಂದ ಬಂದು, ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿದ್ದೇನೆ. ಇವತ್ತು ನನ್ನ ಹತ್ತಿರ ಬಂದವರಿಗೆಲ್ಲ ಒಂದೇ ಭಯ: ರಜೆಗೆ ಮನೆಗೆ ಹೋಗಬೇಕಲ್ಲ ಎಂಬ ಭಯ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಕೂತಾಗಲೆಲ್ಲ ನಗು ಬರುತ್ತಿತ್ತು, ಆ ನಗು ಒಳ್ಳೆಯದಾಗಿರಲಿಲ್ಲ.

ಅತ್ತಿಗೆಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಲು ಹೇಳು. ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನಾನಿಲ್ಲಿ ಇದ್ದೇನೆ. ಚಳಿ ಜೋರಾಗಿದೆ. ನನ್ನ ಜೊತೆಗಿದ್ದ ಟೀಚರ್ ಕೋಟು ಬಾಗಿಲ ಹಿಂದೆ ಏಪ್ರಿಲ್‌ನಿಂದ ಹಾಗೇ ತೂಗುತ್ತಿದೆ, ಜೇಬಿನಲ್ಲಿ ಸೀಮೆಸುಣ್ಣದ ತುಂಡು ಸಮೇತ. ನಮ್ಮ ಸಲಹಾ ಕೇಂದ್ರದ ಕೆಳಗೇ ಡ್ರೈಕ್ಲೀನಿಂಗ್ ಅಂಗಡಿ ಇದ್ದರೂ ಅದನ್ನು ಒಗೆಯಲು ಕೊಡುವ ಮನಸ್ಸಾಗಿಲ್ಲ.

'ನೀವು ಅಲ್ಲಿ ನಿಜಕ್ಕೂ ಏನು ಮಾಡುತ್ತೀರಿ, ಎಷ್ಟು ದಿನದಲ್ಲಿ ಗುಣ ಕಾಣುತ್ತದೆ' ಎಂದು ಕೇಳಿದ್ದೀಯ. ನರ್ಸ್ ಕೆಲಸ ಬಿಟ್ಟು, ತರಬೇತಿ ಮುಗಿಸಿ ನಾನು ಈ ಕುರ್ಚಿಯಲ್ಲಿ ಕೂತು ಎಷ್ಟು ವರ್ಷವಾಯಿತು! ನೀನು ಕೇಳಿದ್ದು ಇದೇ ಮೊದಲು. ಹೇಳುತ್ತೇನೆ, ಕೇಳು.

ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು, ಹುಟ್ಟಿದಾಗ ಹುಡುಗ ಅಂತ ಬರೆಸಿಕೊಂಡರೂ ತಾನು ಹುಡುಗಿ ಎಂದು ಬಲ್ಲವಳು, ಇಂಥವರು ಮನಸ್ಸು ಕುಸಿದಾಗ ನಮ್ಮ ಮೆಟ್ಟಿಲು ಹತ್ತುತ್ತಾರೆ. ಮನಸ್ಸು ಕುಸಿಯುವುದು ತಾವು ಹೀಗಿರುವುದರಿಂದ ಅಲ್ಲ, ಮನೆಯವರು ಹಾಗಿರುವುದರಿಂದ. ಆದರೆ 'ಸರಿ ಮಾಡಿ' ಎಂದು ಎಳೆದು ತರುವುದು ಮಾತ್ರ ಮಕ್ಕಳನ್ನು. ಹಲ್ಲಿನ ಡಾಕ್ಟರರ ಹೆಂಡತಿಯೊಬ್ಬರು ಮಗನನ್ನು ಕೂರಿಸಿಕೊಂಡೇ ನನ್ನನ್ನು ಕೇಳಿದರು: "ಎಷ್ಟು ಸಿಟ್ಟಿಂಗ್ ಆಗ್ಬಹುದು ಮೇಡಂ?" ಹುಡುಗ ಬಾಯಿ ಬಿಗಿಹಿಡಿದು ಕಿಟಕಿ ನೋಡುತ್ತಿದ್ದ. "ನಿಮಗಾ? ಸ್ವಲ್ಪ ಜಾಸ್ತಿನೇ ಬೇಕಾಗುತ್ತೆ" ಅಂದೆ. ಆಯಮ್ಮ ಮತ್ತೆ ಬರಲಿಲ್ಲ. ಹುಡುಗ ಬರುತ್ತಿದ್ದಾನೆ.

ಈ ಕೆಲಸಕ್ಕೂ ಕಾಲಗಳಿವೆ. ಬೇಸಿಗೆಯಲ್ಲಿ ಮದುವೆ ಮಾತಿನ ಕಾಟ. ಆಮೇಲೆ ಇಂಥವರ ಹೆಮ್ಮೆಯ ಆಚರಣೆಗೆಂದು ಬಣ್ಣದ ರಿಬ್ಬನ್ನುಗಳ ಒಂದು ತಿಂಗಳು ಬರುತ್ತದೆ. ದೊಡ್ಡ ಆಫೀಸಿನವರು ಕರೆಸಿ, ಊಟಕ್ಕೆ ಮುಂಚೆ ಅರ್ಧ ಗಂಟೆ ಮಾತಾಡಿಸಿ, ಕೈ ತಟ್ಟಿ, ಏಳು ಬಣ್ಣದ ಕಾಫಿ ಮಗ್ ಕೊಟ್ಟು ಕಳಿಸುತ್ತಾರೆ. ತಿಂಗಳು ಮುಗಿದ ಮಾರನೇ ದಿನ ರಿಬ್ಬನ್ ಕಸದ ಬುಟ್ಟಿಗೆ. ಅಂಥ ಆಫೀಸಿನ ಒಬ್ಬಳು ಹೇಳಿದಳು, "ಆ ಮಗ್ ಆರ್ಡರ್ ಮಾಡಿದ್ದು ನಾನೇ ಮೇಡಂ. ನಾನು ಯಾರು ಅನ್ನೋದು ಮಾತ್ರ ಅಲ್ಲಿ ಯಾರಿಗೂ ಗೊತ್ತಿಲ್ಲ." ನನ್ನಲ್ಲಿ ಅಂಥ ಮಗ್ ಒಂದು ರಾಶಿ ಇದೆ. ಪೆನ್ಸಿಲ್ ಇಡಲು ಆಗುತ್ತದೆ. (ಯಾರ ಗುರುತೂ ಸಿಗದ ಹಾಗೆ ಬರೆಯುತ್ತಿದ್ದೇನೆ. ಊಹಿಸಲು ಹೋಗಬೇಡ.)

ಚಳಿಗಾಲ ನಮಗೆ ತಾಲೀಮಿನ ಕಾಲ. ರಜೆಗೆ ಮನೆಗೆ ಹೋದಾಗ ಊಟದ ಮೇಜಿನಲ್ಲಿ ಯಾರು ಏನು ಕೇಳಬಹುದು, ಅದಕ್ಕೆ ಏನು ಹೇಳುವುದು ಎಂದು ಮೊದಲೇ ಆಡಿ ನೋಡುತ್ತೇವೆ. ಎದುರು ಕುರ್ಚಿಯಲ್ಲಿ ನಾನು. ಒಬ್ಬಳಿಗೆ ಅಜ್ಜಿಯಾಗುತ್ತೇನೆ, ಒಬ್ಬನಿಗೆ ಚಿಕ್ಕಪ್ಪನಾಗುತ್ತೇನೆ. ನನ್ನ ಚಿಕ್ಕಪ್ಪನ ಪಾತ್ರಕ್ಕೆ ಕೇಂದ್ರದಲ್ಲಿ ಒಳ್ಳೆಯ ಹೆಸರಿದೆ. ಮೊದಮೊದಲು ಕಷ್ಟವಾಗುತ್ತಿದ್ದದ್ದು ಅಪ್ಪನ ಪಾತ್ರ. ನಮ್ಮಪ್ಪ ಬೇಗ ಹೋದರು, ನನಗೆ ಅವರ ದನಿಯೇ ನೆನಪಿಲ್ಲ. ಹಾಗಾಗಿ ನಿನ್ನನ್ನು ಬಳಸಿಕೊಂಡೆ.

ಬೇಜಾರು ಮಾಡಿಕೊಳ್ಳಬೇಡ, ನಿನ್ನಿಂದ ಎಷ್ಟೋ ಜನಕ್ಕೆ ಉಪಕಾರವಾಗಿದೆ. ಮೊದಲು ಗಂಟಲು ಸರಿಮಾಡಿಕೊಳ್ಳುತ್ತೇನೆ. ಪೇಪರನ್ನು ನಾಲ್ಕಾಗಿ ಮಡಿಸಿ ತೊಡೆಯ ಮೇಲಿಡುತ್ತೇನೆ. ಮುಖ ನೋಡದೆ, ಗೋಡೆಯ ಕಡೆ ತಿರುಗಿ ಹೇಳುತ್ತೇನೆ: "ನಮಗೇನೂ ಇಲ್ಲಪ್ಪ, ನಾವು ಅರ್ಥ ಮಾಡ್ಕೋತೀವಿ. ನಾಲ್ಕು ಜನ ಏನಂತಾರೆ ಅನ್ನೋದೇ ಯೋಚನೆ." ಎದುರಿಗಿರುವವರ ಮುಖ ಬಿಳಿಚಿಕೊಳ್ಳುತ್ತದೆ. "ನಮ್ಮಪ್ಪನ್ನ ಎಲ್ಲಿ ನೋಡಿದ್ರಿ ಮೇಡಂ?" ಎಂದು ಕೇಳಿದವರೂ ಇದ್ದಾರೆ. ಆ ನಾಲ್ಕು ಜನರನ್ನಂತೂ ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಯಾರನ್ನು ಹಿಡಿದು ಕೇಳಿದರೂ ಅವರು ತಮ್ಮ ನಾಲ್ಕು ಜನಕ್ಕೆ ಹೆದರಿಕೊಂಡು ಕೂತಿರುತ್ತಾರೆ.

ಇವತ್ತು ಒಬ್ಬ ಬಸ್ ಡ್ರೈವರ್ ಬಂದಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು, ಅಂಥ ಆಳು. ತನ್ನ ಜೊತೆಗಾರನ ವಿಷಯ ಈ ರಜೆಯಲ್ಲಿ ಅಪ್ಪನಿಗೆ ಹೇಳಬೇಕೆಂದು ತಿಂಗಳುಗಟ್ಟಲೆ ತಾಲೀಮು ಮಾಡಿದ್ದಾನೆ. ಪ್ರತಿ ಸಲವೂ ನಾನು ಗಂಟಲು ಸರಿಮಾಡಿಕೊಂಡ ಕೂಡಲೇ ಅವನ ಮಾತು ನಿಂತುಹೋಗುತ್ತಿತ್ತು. ಇವತ್ತು ನಾನು ಪೇಪರ್ ಮಡಿಸಿದೆ, ಗೋಡೆ ನೋಡಿದೆ, ನಾಲ್ಕು ಜನರನ್ನು ಕರೆದೆ. ಅವನು ಫಕ್ಕನೆ ನಕ್ಕುಬಿಟ್ಟ.

"ಯಾಕಪ್ಪಾ?" ಅಂದೆ.

"ತಪ್ಪು ತಿಳ್ಕೋಬೇಡಿ ಮೇಡಂ. ಇಷ್ಟೇನಾ ಅನ್ನಿಸ್ತು. ಬಸ್ ತುಂಬ ಜನ ಕೂಗಾಡಿದ್ರೂ ಸ್ಟೇರಿಂಗ್ ಅಲ್ಲಾಡಲ್ಲ ನನ್ನ ಕೈಲಿ. ಒಂದು ಮಡಿಸಿದ ಪೇಪರ್‌ಗೆ ಹೆದರ್ತಿದ್ನಾ ಇಷ್ಟು ದಿನ?"

ನಾನೂ ನಕ್ಕೆ. ಅವನು ಹೋದಮೇಲೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು: ಇಷ್ಟೇನಾ? ಅದಕ್ಕೇ ಇವತ್ತು ನಿನಗೆ ಉತ್ತರ ಬರೆಯಲು ಸಾಧ್ಯವಾಗಿದೆ.

ನಿನ್ನ ಪತ್ರ ಮುಂದೆಯೇ ಇದೆ. 'ಚೂಟಿ ಮದುವೆ ಬೇಡವೆಂದು ಹಟ ಹಿಡಿದಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳ ಸಂಗಡವೇ ಇರುತ್ತಾಳಂತೆ. ರಜೆಯಲ್ಲಿ ಒಂದು ವಾರ ನಿನ್ನಲ್ಲಿಗೆ ಕಳಿಸುತ್ತೇನೆ. ಇದೆಲ್ಲ ನಿನಗೆ ತಿಳಿದ ವಿಷಯ. ಬುದ್ಧಿ ಹೇಳಿ ಸರಿ ಮಾಡಿ ಕಳಿಸು. ನಿನ್ನ ಉದಾಹರಣೆ ಮಾತ್ರ ಕೊಡಬೇಡ.'

ಕೆಟ್ಟುಹೋದ ಮಿಕ್ಸಿಯನ್ನು ಅಂಗಡಿಗೆ ಕಳಿಸುವವರು ಕೂಡ ಇದಕ್ಕಿಂತ ಅಕ್ಕರೆಯಿಂದ ಎರಡು ಮಾತು ಹೇಳುತ್ತಾರೆ, ಅಣ್ಣ.

'ಇದೆಲ್ಲ ನಿನಗೆ ತಿಳಿದ ವಿಷಯ.' ಅಂದರೆ ನಿನಗೂ ತಿಳಿದಿತ್ತು! ಟೀಚರ್ ಜೊತೆ ನಾನು ಇಪ್ಪತ್ತು ವರ್ಷ ಸಂಸಾರ ಮಾಡಿದೆ. ಬೀದಿಯ ಹಾಲಿನವನಿಗೆ ಗೊತ್ತಿತ್ತು, ಔಷಧಿ ಅಂಗಡಿಯವನಿಗೆ ಗೊತ್ತಿತ್ತು, ನಿನಗೊಬ್ಬನಿಗೇ ಗೊತ್ತಿರಲಿಲ್ಲ. ನೀನು ಪ್ರತಿ ಪತ್ರದ ಕೊನೆಯಲ್ಲಿ 'ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು' ಎಂದು ಬರೆಯುತ್ತಿದ್ದೆ. ಮನೆಯಲ್ಲಿ ಇದ್ದದ್ದು ಅವಳೊಬ್ಬಳು. ಅವಳು ನಗುತ್ತಿದ್ದಳು: "ನೋಡೇ, ನಿಮ್ಮಣ್ಣನ ಲೆಕ್ಕದಲ್ಲಿ ನಾನೊಂದು ಗುಂಪು." ನೀನು ನನ್ನನ್ನು ನೋಡಲು ಬಂದರೆ ಗೇಟಿನ ಹೊರಗೆ ನಿಲ್ಲುತ್ತಿದ್ದೆ, ಸ್ಕೂಟರ್ ಆಫ್ ಕೂಡ ಮಾಡುತ್ತಿರಲಿಲ್ಲ. ಅವಳು ಒಳಗೆ ಕಾಫಿಗೆ ಇಟ್ಟು, ನಿನ್ನ ಗಾಡಿಯ ಸದ್ದು ದೂರವಾದ ಮೇಲೆ ಒಲೆ ಆರಿಸುತ್ತಿದ್ದಳು. ಇಷ್ಟು ಜತನದಿಂದ ಗೊತ್ತಿಲ್ಲದೆ ಇದ್ದವನಿಗೆ ಈಗ ಕೆಲಸ ಬಿದ್ದಾಗ ಎಲ್ಲ ಗೊತ್ತಾಗಿದೆ. ನಾಚಿಕೆಯಾಗುವುದಿಲ್ಲವೇ ಎಂದು ಕೇಳುವುದಿಲ್ಲ. ನಿನಗೆ ಆಗುತ್ತದೆ, ಆದರೆ ನನ್ನ ಬಗ್ಗೆ. ಅದೇ ತಮಾಷೆ.

ಎರಡು ವಿಷಯ ತಿಳಿಸಬೇಕು. ಸ್ವಂತ ಮನೆಯವರಿಗೆ ನಾವು ಸಲಹೆ ಕೊಡುವ ಹಾಗಿಲ್ಲ, ಅದು ಕೆಲಸದ ನಿಯಮ. ಚೂಟಿ ಇಲ್ಲಿಗೆ ಬರುವುದು ನನ್ನ ಅಣ್ಣನ ಮಗಳಾಗಿ, ರಿಪೇರಿಗಲ್ಲ. ಮಾತಾಡಬೇಕೆನ್ನಿಸಿದರೆ ಬೇರೆ ಒಳ್ಳೆಯವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಇನ್ನೊಂದು, ಉದಾಹರಣೆ ಕೊಡಬೇಡ ಎಂದೆಯಲ್ಲ. ಅದು ನನ್ನ ಕೈಯಲ್ಲಿಲ್ಲ. ಈ ಮನೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಉದಾಹರಣೆಯೇ ಇದೆ: ಎರಡು ಚಪ್ಪಲಿ ಗೂಡು, ಎರಡು ಓದುವ ದೀಪ, ಕಿಟಕಿಯ ಹತ್ತಿರ ಅವಳ ಕನ್ನಡಕ.

ನಿನ್ನೆ ಚೂಟಿಯೇ ಫೋನ್ ಮಾಡಿದ್ದಳು. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಳು, ನೀನು ಕೇಳಿಸಿಕೊಳ್ಳಬಾರದೆಂದು.

"ಅತ್ತೆ, ಟೀಚರ್ ಹೋದದ್ದು ನನಗೆ ಯಾರೂ ಹೇಳ್ಲಿಲ್ಲ. ಮೊನ್ನೆ ಅಮ್ಮನ ಬಾಯಿಂದ ಜಾರಿ ಬಂತು. ನೀವು ಒಬ್ಬರೇ ಹೇಗಿದ್ರಿ ಇಷ್ಟು ದಿನ?"

ನಮ್ಮ ಮನೆತನದಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳು. ನಲ್ಲಿ ಸುರಿಯುತ್ತಲೇ ಇತ್ತು.

"ಇದ್ದೀನಮ್ಮ" ಅಂದೆ.

"ಅಪ್ಪ ಒಂದು ವಾರ ಅಂದಿದಾರೆ. ವಾಪಸ್ ಬರೋ ಹೊತ್ತಿಗೆ ಗಂಡಿನ ಕಡೆಯವರನ್ನ ಕರೆಸಿರ್ತಾರಂತೆ. ಅತ್ತೆ, ಚಿಕ್ಕ ಪೆಟ್ಟಿಗೆ ತರ್ಲಾ, ದೊಡ್ಡದು ತರ್ಲಾ?"

"ದೊಡ್ಡದು ತಾ" ಅಂದೆ.

ಇಷ್ಟೇ ನಾನು ಹೇಳಿದ ಬುದ್ಧಿಮಾತು. ಹಿಂತಿರುಗುವ ದಿನವನ್ನು ಇನ್ನು ಅವಳೇ ಗೊತ್ತುಮಾಡುತ್ತಾಳೆ. ಗಂಡಿನ ಕಡೆಯವರು ಬಂದರೆ ನೀನೇ ಕೂತು ಮಾತಾಡು, ಪೇಪರ್ ಮಡಿಸಿಕೊಂಡು. ಅವಳನ್ನು ನೋಡಬೇಕೆನ್ನಿಸಿದರೆ ಇಲ್ಲಿಗೆ ಬಾ. ಗಾಡಿ ಆಫ್ ಮಾಡಿ, ಒಳಗೆ ಬಂದು ಕಾಫಿ ಕುಡಿಯುವುದಾದರೆ ಬಾ.

ಅತ್ತಿಗೆಗೆ ನಮಸ್ಕಾರ, ಅವರ ಬಾಯಿಂದ ಜಾರಿದ ಆ ಒಂದು ಮಾತಿಗೆ ಇನ್ನೊಂದು ನಮಸ್ಕಾರ. ಚೂಟಿಗೆ ಆಶೀರ್ವಾದವನ್ನು ನಿನ್ನ ಮೂಲಕ ಕಳಿಸುವುದಿಲ್ಲ, ನಾನೇ ತಲೆ ಸವರಿ ಹೇಳುತ್ತೇನೆ. ನಿನ್ನ ಆರೋಗ್ಯ ನೋಡಿಕೋ. ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನ ತಂಗಿ

ಮತ್ತೆ: ಏಪ್ರಿಲ್‌ನಲ್ಲಿ ಟೀಚರ್ ತೀರಿಕೊಂಡ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ಮೊದಲು ಫೋನ್ ಮಾಡಿದ್ದು ನಿನಗೆ. ಚಿಕ್ಕಂದಿನಲ್ಲಿ ಬಿದ್ದು ಗಾಯವಾದರೆ ನಾನು ಓಡಿ ಬರುತ್ತಿದ್ದದ್ದೂ ನಿನ್ನ ಹತ್ತಿರವೇ, ಅದಕ್ಕೆ. "ಅಣ್ಣಾ, ಟೀಚರ್ ಹೋಗ್ಬಿಟ್ಲು" ಅಂದೆ. ನೀನು ಗಂಟಲು ಸರಿಮಾಡಿಕೊಂಡು ಹೇಳಿದ್ದು ಇಷ್ಟು: "ಅಯ್ಯೋ ಪಾಪ. ಒಬ್ಬಳಿಗೇ ಬಾಡಿಗೆ ಭಾರ ಆಗುತ್ತೆ, ಆ ರೂಮಿಗೆ ಬೇರೆ ಯಾರನ್ನಾದ್ರೂ ನೋಡ್ಕೋ." ನಾನು "ಹೂಂ ಅಣ್ಣ" ಅಂದೆ. ಬಂದವರಿಗೆಲ್ಲ ಉತ್ತರ ಕಲಿಸುವ ನನ್ನ ಬಾಯಿಂದ ಅವತ್ತು ಹೊರಟದ್ದು ಅಷ್ಟೇ. ಅವಳು ಮಕ್ಕಳ ಪರೀಕ್ಷೆ ಪೇಪರ್ ತಿದ್ದುತ್ತಿದ್ದ ಆ ಕೋಣೆಯನ್ನು ಇವತ್ತು ಕೆಲಸಕ್ಕೆ ಹೋಗುವ ಮುಂಚೆ ಗುಡಿಸಿ, ಮಂಚಕ್ಕೆ ಒಗೆದ ಹೊದಿಕೆ ಹಾಸಿದ್ದೇನೆ. ನಾಳೆ ಬೆಳಿಗ್ಗೆ ಹತ್ತೂವರೆಯ ಬಸ್ಸಿಗೆ ಚೂಟಿ ಬರುತ್ತಾಳೆ.