ನಲವತ್ತೆರಡನೆಯ ಹಕ್ಕಿ

ನವೆಂಬರ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನೀನು ಕಳಿಸಿದ ಪಾರ್ಸೆಲ್ ಸೆಪ್ಟೆಂಬರಿನಲ್ಲೇ ಬಂತು. ತಲುಪಿತು ಅಂತ ಒಂದು ಸಾಲು ಬರೆಯಲು ಎರಡು ತಿಂಗಳು ತೆಗೆದುಕೊಂಡೆ. ಫೋನಿನಲ್ಲಿ ಕೇಳಿದಾಗಲೂ ‘ಬಂತು, ಬಂತು’ ಎಂದು ಮಾತು ತೇಲಿಸಿದೆ. ಬೈದುಕೋ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ನೂಲು ನೀನೇ ಪೋಣಿಸುತ್ತೀಯಂತೆ, ಭಾವ ಹೇಳಿದರು. ಹಾಗಾದರೆ ನನ್ನ ಅಕ್ಷರವನ್ನೂ ಓದಬಲ್ಲೆ. ಕಣ್ಣಿಗೆ ಹನಿ ಹಾಕುವುದನ್ನು ಮಾತ್ರ ಬಿಡಬೇಡ. ತಮ್ಮನ ಮಾತು ಅಂತ ಬೇಡ, ಕನ್ನಡಕದ ಅಂಗಡಿಯವನ ಮಾತು ಅಂತ ಕೇಳು.

ಪಾರ್ಸೆಲಿನಲ್ಲಿದ್ದ ಅಪ್ಪನ ಹಕ್ಕಿ ಪುಸ್ತಕ ಇಷ್ಟು ಸಣ್ಣದು ಎಂಬುದೇ ಮರೆತುಹೋಗಿತ್ತು. ‘ಬೀರು ಖಾಲಿ ಮಾಡುವಾಗ ಸಿಕ್ಕಿತು. ಕಣ್ಣು ಕೈಕೊಡುವವರೆಗೆ ಬರೆದದ್ದು. ನಿನ್ನ ಹತ್ತಿರ ಇರಲಿ’ ಎಂದು ಚೀಟಿ ಇಟ್ಟಿದ್ದೀಯ. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದ ಅಪ್ಪ ಅಂಗಡಿಯವರ ತೂಕದ ಕಲ್ಲುಗಳನ್ನು ನೋಡಿದ ಹಾಗೆಯೇ ನಮ್ಮ ಹಿತ್ತಲಿನ ಹಕ್ಕಿಗಳನ್ನೂ ನೋಡಿದ್ದಾರೆ: ಕ್ರಮಸಂಖ್ಯೆ, ತಾರೀಖು, ಗುರುತು, ಕೆಳಗೆ ಎರಡು ಸಹಿ. ನೆನಪಿದೆಯಲ್ಲ, ಇಬ್ಬರು ನೋಡದ ಹಕ್ಕಿಗೆ ಪುಸ್ತಕದಲ್ಲಿ ಜಾಗವಿರಲಿಲ್ಲ. ಎರಡನೆಯವರಿಗೆ ಮೊದಲೇ ಏನೂ ಹೇಳಿಕೊಡುವಂತೆಯೂ ಇರಲಿಲ್ಲ. ‘ಏನು ಕಂಡಿತು, ನೀನೇ ಹೇಳು’, ಅಷ್ಟೇ. ಅಮ್ಮ ಒಲೆಯ ಮೇಲೆ ಪಾತ್ರೆ ಬಿಟ್ಟು ಬಂದು ಹಾಕಿದ ಸಹಿಗಳಲ್ಲಿ ಮೂರಕ್ಕೆ ಎಣ್ಣೆಯ ಕಲೆ ಇದೆ.

ನಲವತ್ತೆರಡನೆಯದರ ಕೆಳಗೆ ಒಂದೇ ಸಹಿ, ಅಪ್ಪನದು. ‘ಹೆಬ್ಬೆರಳಿನಷ್ಟು. ಎಲೆಯ ಬಣ್ಣ. ಕಣ್ಣಿನ ಮೇಲೆ ಹುಬ್ಬಿನಂತೆ ಹಳದಿ ಗೆರೆ.’ ಇಷ್ಟು ಬರೆದು, ಅದರ ಮೇಲೆ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದಿದ್ದಾರೆ. ಮುಂದಿನ ಪುಟಗಳು ಖಾಲಿ. ಆ ಹಕ್ಕಿಯ ನೆಪದಲ್ಲಿ ನೀನು ಅವರನ್ನು ಗೋಳುಹುಯ್ದುಕೊಂಡದ್ದು ಕಡಿಮೆಯಲ್ಲ. ‘ಅಪ್ಪಾ, ನಿಮ್ಮ ಹುಬ್ಬಿನ ಹಕ್ಕಿ ಇವತ್ತು ಮೀಸೆ ಬಿಟ್ಕೊಂಡು ಬಂದಿತ್ತು’ ಅನ್ನುತ್ತಿದ್ದೆ. ಅವರೂ ನಗುತ್ತಿದ್ದರು ಅಂತ ನೆನಪು. ಅವರ ಕಣ್ಣು ಕೆಟ್ಟಿತು, ಅದಕ್ಕೇ ತಪಾಸಣೆ ಬಿಟ್ಟು ರೆಕಾರ್ಡ್ ರೂಮಿಗೆ ಹೋಗಿ ಕೂತರು ಎಂದು ನೀನು ಇವತ್ತಿಗೂ ನಂಬಿದ್ದೀಯ.

ಈಗ ಕೇಳು. ಕಳೆದ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಗಾಳಿ ಇರಲಿಲ್ಲ. ನಿಂಬೆ ಗಿಡದ ಒಂದು ಎಲೆ ಈ ಕೊಂಬೆಯಿಂದ ಆ ಕೊಂಬೆಗೆ ಹೋಯಿತು. ಬಾಯಿಯ ನೊರೆ ಉಗುಳಲೂ ಮರೆತು ನೋಡಿದೆ. ಆಮೇಲೆ ಎಲೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು.

ಅಂದಿನಿಂದ ಅದರ ಹಿಂದೆ ಬಿದ್ದಿದ್ದೇನೆ. ಏಳೂಕಾಲರ ಹೊತ್ತಿಗೆ ಬರುತ್ತದೆ. ಎಲೆಯ ಅಡಿಭಾಗವನ್ನು ತಲೆ ಮೇಲೆತ್ತಿ ನೋಡುತ್ತದೆ, ನಾವು ಮಂಚದ ಕೆಳಗೆ ಚಪ್ಪಲಿ ಹುಡುಕಿದ ಹಾಗೆ, ಆದರೆ ತಲೆಕೆಳಗಾಗಿ. ಎರಡು ಉಸಿರಿಗಿಂತ ಹೆಚ್ಚು ಒಂದು ಕಡೆ ಇರುವುದಿಲ್ಲ. ಅದು ಕೂತಾಗ ಕಡ್ಡಿ ಬಾಗುವುದಿಲ್ಲ, ಹಾರಿದ ಮೇಲೆ ಸ್ವಲ್ಪ ಅಲುಗುತ್ತದೆ. ಹಾಗಾಗಿ ನಾನು ನೋಡಿದ್ದು ಬಹುಪಾಲು ಅದು ಈಗಷ್ಟೇ ಇದ್ದ ಜಾಗವನ್ನು.

ಎರಡನೆಯವರು ಬೇಕಲ್ಲ. ನನ್ನವಳನ್ನು ಎಬ್ಬಿಸಿ ತಂದು ಮೆಟ್ಟಿಲ ಮೇಲೆ ಕೂರಿಸಿದೆ.

‘ರೀ, ಬರೀ ಎಲೆ ಕಾಣ್ತಿದೆ.’

‘ಎಲೆಗಳ ನಡುವೆ ನೋಡು.’

‘ನಡುವೆ ಇನ್ನೊಂದು ಎಲೆ ಇದೆ. ಏನು ನೋಡ್ಬೇಕು ಅಂತಾದ್ರೂ ಹೇಳಿ.’

‘ಹೇಳೋ ಹಾಗಿಲ್ಲ.’

‘ಹಾಗಾದ್ರೆ ನಿಮ್ಮ ಅಂಗಡಿಗೇ ಬರ್ತೀನಿ. ಅಲ್ಲಿ ದೊಡ್ಡಕ್ಷರದಿಂದ ಶುರು ಮಾಡ್ತೀರಂತೆ.’

ದಿನವಿಡೀ ಕಂಡವರನ್ನೆಲ್ಲ ‘ಈಗ ಕಾಣ್ತಾ? ಈಗ?’ ಎಂದು ಕೇಳುವವನು ಮನೆಯಲ್ಲೂ ಅದನ್ನೇ ಕೇಳಿದರೆ ಯಾರಿಗಾದರೂ ರೇಗುತ್ತದೆ. ಆದರೂ ಅವಳು ದಿನಾ ಬಂದು ಕೂತಳು. ಮೂರನೆಯ ದಿನದಿಂದ ನನಗಿಂತ ಮೊದಲೇ ಏಳತೊಡಗಿದಳು. ಇವತ್ತು ಬೆಳಿಗ್ಗೆ ನನ್ನ ಮೊಣಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. ಕೆಳಗಿನ ಕೊಂಬೆಯಲ್ಲಿ, ಹೊರಗೇ, ಅದು ಇತ್ತು. ಹೋಯಿತು.

‘ಏನು ಕಂಡಿತು, ನೀನೇ ಹೇಳು’ ಎಂದೆ. ನನ್ನ ದನಿ ಅಪ್ಪನ ದನಿಯ ಹಾಗೆ ಕೇಳಿಸಿತು.

‘ಇಷ್ಟೇ ಇಷ್ಟು. ಹುಬ್ಬಿಗೆ ಹಳದಿ ಬಳಿದ ಹಾಗಿತ್ತು. ನಾನೇನೋ ಕೇಳಬಾರದ್ದು ಕೇಳಿದೆ ಅನ್ನೋ ಹಾಗೆ ನೋಡ್ತು.’

ನಲವತ್ಮೂರು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಅವಳು ಮೇಲಿನದನ್ನು ಓದಿ, ‘ಇದೇ ಹಕ್ಕಿ ಅಲ್ವಾ? ಇದಕ್ಯಾಕೆ ಒಂದೇ ಸಹಿ?’ ಎಂದಳು. ‘ಆವತ್ತು ಎರಡನೆಯವರು ಸಿಗಲಿಲ್ಲ ಅಂತ ಕಾಣುತ್ತೆ’ ಎಂದೆ.

ಹಕ್ಕಿ ಇದೆ, ಅಕ್ಕ. ಅಪ್ಪನ ಕಣ್ಣು ಸರಿಯಾಗಿಯೇ ಇತ್ತು. ಇದನ್ನು ನಿನಗೆ ತಿಳಿಸಬೇಕಿತ್ತು.

ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಗಳಿಗೆ ಆಶೀರ್ವಾದ. ಅವಳು ಏನಾದರೂ ಕಂಡೆ ಅಂದರೆ ಒಮ್ಮೆ ಎದ್ದು ಹೋಗಿ ನೋಡು, ಹೊಸ ಕಣ್ಣು ಹೇಗೂ ಇದೆ.

ನಿನ್ನ ತಮ್ಮ

ಮಡಿಸಿದ್ದ ಪತ್ರವನ್ನು ಬಿಚ್ಚಿ ಬರೆಯುತ್ತಿದ್ದೇನೆ: ಆವತ್ತು ಎರಡನೆಯವನು ಇದ್ದ. ನನಗೆ ಒಂಬತ್ತು ವರ್ಷ. ಅದರ ಹಿಂದಿನ ವಾರ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಎದೆಯ ಹಕ್ಕಿಯೊಂದನ್ನು ನಾನೊಬ್ಬನೇ ನೋಡಿದ್ದೆ. ಅತ್ತು ಕರೆದರೂ ಅಪ್ಪ ಬರೆಯಲಿಲ್ಲ. ‘ಇನ್ನೊಬ್ಬರು ನೋಡಿಲ್ಲವಲ್ಲ, ಪುಟ್ಟ’ ಎಂದರು. ಮುಂದಿನ ಭಾನುವಾರ ಈ ಹುಬ್ಬಿನ ಹಕ್ಕಿ ನಮ್ಮಿಬ್ಬರ ಎದುರಿಗೇ ಬಂದು, ನಾಲ್ಕು ಎಣಿಸುವಷ್ಟು ಹೊತ್ತು ಕೂತಿತ್ತು. ಅಪ್ಪ ಅವಸರದಲ್ಲಿ ಬರೆದು, ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿ, ಬರೆದದ್ದನ್ನು ಅಂಗೈಯಲ್ಲಿ ಮುಚ್ಚಿ, ‘ಏನು ಕಂಡಿತು?’ ಎಂದರು. ‘ಬರೀ ಎಲೆ’ ಎಂದೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ. ಸುಳ್ಳು ತೂಕವನ್ನು ಕೈಯಲ್ಲಿ ಹಿಡಿದೇ ಹೇಳುತ್ತಿದ್ದ ಮನುಷ್ಯ, ನನ್ನದನ್ನೂ ಹಿಡಿದುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ನಂಬಿದರು. ತಿಂಗಳ ಮೇಲೆ ಅಮ್ಮನಿಗೆ, ‘ಇಲ್ಲದ್ದು ಕಾಣೋ ಕಣ್ಣು ತಕ್ಕಡಿ ಮುಳ್ಳು ನೋಡಬಾರದು’ ಎಂದು ಹೇಳಿ ರೆಕಾರ್ಡ್ ರೂಮನ್ನು ಕೇಳಿ ಪಡೆದರು. ನಾನು ಅಲ್ಲೇ ಮಗ್ಗಿ ಬರೆಯುತ್ತಿದ್ದೆ.

ಈಗ ಆ ಖಾಲಿ ಜಾಗದಲ್ಲಿ ಸಹಿ ಹಾಕಿದ್ದೇನೆ. ಪಕ್ಕದಲ್ಲಿ ಇವತ್ತಿನ ತಾರೀಖನ್ನೇ ಬರೆದೆ. ಆವತ್ತಿನದನ್ನು ಹಾಕಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ.